ಪಿಟ್ಸ್‌ಬರ್ಗ್‌ನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನಿಗೂ ಅತ್ತೆಗೂ ನನ್ನ ನಮಸ್ಕಾರ, ತಮ್ಮನ ಮಕ್ಕಳಿಗೆ ಆಶೀರ್ವಾದ.

ಗೌರಕ್ಕನ ಮಗ ಊರಿನಿಂದ ಬಂದವನು ಚಟ್ನಿಪುಡಿ, ಹುರಿಗಾಳು, ಮೈಸೂರುಪಾಕು ಎಲ್ಲವನ್ನೂ ಜೋಪಾನವಾಗಿ ತಲುಪಿಸಿದ. ಚಟ್ನಿಪುಡಿಯ ಡಬ್ಬಿಯ ಮುಚ್ಚಳದ ಒಳಗೆ ಅಮ್ಮ ಮಡಿಸಿಟ್ಟಿದ್ದ ಕಾಗದವೂ ತಲುಪಿತು. ನೀವು ಪಕ್ಕದಲ್ಲಿಯೇ ಕುಳಿತಿರುವುದರಿಂದ ಫೋನಿನಲ್ಲಿ ಹೇಳಲಾಗದ್ದನ್ನು ಅವಳು ಕಾಗದದಲ್ಲಿ ಬರೆದಿದ್ದಾಳೆ. ಅದಕ್ಕಾಗಿ ನೀವು ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ನಾನು ಫೋನ್ ಮಾಡಿ ಕೇಳಿದರೆ ನೀವು ಮಾತು ತಿರುಗಿಸಿ ಇಲ್ಲಿಯ ಹವೆಯನ್ನು ವಿಚಾರಿಸುತ್ತೀರಿ, ಇಲ್ಲವೇ ಫೋನನ್ನು ಅಮ್ಮನ ಕೈಗೆ ಕೊಟ್ಟು ಜಗುಲಿಗೆ ಎದ್ದು ಹೋಗುತ್ತೀರಿ. ಅಕ್ಷರದಲ್ಲಿ ಬರೆದದ್ದನ್ನು ನೀವು ಪೂರ್ತಿ ಓದದೆ ಕೆಳಗಿಡುವವರಲ್ಲ. ಆದ್ದರಿಂದ ಇದನ್ನು ಮೇಲ್‌ನಲ್ಲಿ ತಮ್ಮನಿಗೆ ಕಳುಹಿಸುತ್ತಿದ್ದೇನೆ, ಅವನು ಈ ರಾತ್ರಿಯೇ ಅಚ್ಚು ಹಾಕಿಸಿ ನಿಮ್ಮ ಕೈಗೆ ಕೊಡುತ್ತಾನೆ.

ವಿಜಯದಶಮಿ ಕಳೆದ ಮೇಲೆ ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವಾಗ ಏಣಿ ಜಾರಿ ನೀವು ಬಿದ್ದದ್ದು ನನಗೆ ಮೊದಲೇ ಗೊತ್ತಿತ್ತು. ತಲೆಯ ಹಿಂಭಾಗ ಒರಳುಕಲ್ಲಿನ ಅಂಚಿಗೆ ತಗುಲಿತ್ತೆಂಬುದು ಮಾತ್ರ ಈ ಕಾಗದದಿಂದ ಗೊತ್ತಾಯಿತು. ಅಲ್ಲಿಂದೀಚೆಗೆ ಬೆಳಗಾಗೆದ್ದರೆ ತಲೆ ಭಾರವೆನ್ನುತ್ತೀರಂತೆ, ಮಧ್ಯಾಹ್ನ ಎಂದೂ ಮಲಗದವರು ಈಗ ಊಟವಾದೊಡನೆ ಗಾಢ ನಿದ್ದೆಗೆ ಜಾರುತ್ತೀರಂತೆ, ಪೇಪರನ್ನು ಕೈಯಲ್ಲಿ ಹಿಡಿದಿದ್ದರೂ ಒಂದೇ ಪುಟವನ್ನು ನೋಡುತ್ತಾ ಕುಳಿತಿರುತ್ತೀರಂತೆ. ಇವೆಲ್ಲಕ್ಕಿಂತ ನನ್ನ ಎದೆಯನ್ನು ಹಿಂಡಿದ್ದು ಅಮ್ಮ ಕೊನೆಯಲ್ಲಿ ಬರೆದ ಒಂದು ಸಾಲು. ಬಾಗಿಲಿನಿಂದ ಗೇಟಿನವರೆಗೆ ನಡೆದು ಹೋಗುವಾಗ ನಿಮ್ಮ ಎಡಗಾಲಿನ ಚಪ್ಪಲಿ ಕಳಚಿ ದಾರಿಯಲ್ಲೇ ಉಳಿಯುತ್ತದೆ, ನಿಮಗೆ ಅದು ತಿಳಿಯುವುದೇ ಇಲ್ಲ, ಅಮ್ಮ ಹಿಂದಿನಿಂದ ಹೋಗಿ ಎತ್ತಿಕೊಂಡು ಬರುತ್ತಾಳೆ. ಒಮ್ಮೆಯಾದರೆ ಚಪ್ಪಲಿ ಹಳೆಯದಾಯಿತು ಎನ್ನಬಹುದು. ದಿನವೂ ಒಂದೇ ಕಾಲಿನದು ಕಳಚುತ್ತಿದ್ದರೆ ಅದಕ್ಕೆ ಚಪ್ಪಲಿ ಕಾರಣವಲ್ಲ, ಅಪ್ಪ.

ಕಳೆದ ಭಾನುವಾರ ನಾನು ಈ ಮಾತೆತ್ತಿದಾಗ ನೀವು, "ಗರಡಿಯ ಮಟ್ಟಿಯಲ್ಲಿ ಹೊರಳಾಡಿ ಬೆಳೆದ ಮೈ ಇದು, ಬಿದ್ದೆ, ಎದ್ದೆ, ನಡೆದೆ, ಇನ್ನೇನು ಬೇಕು?" ಎಂದು ಮಾತು ಮುಗಿಸಿದಿರಿ. ಆ ಮೂರು ಮಾತುಗಳು ನನ್ನ ತಲೆಯಲ್ಲಿ ಕುಳಿತವು. ರಾತ್ರಿಪಾಳಿ ಮುಗಿಸಿ ಬಂದು ನಿದ್ದೆ ಬಾರದೆ, ನಮ್ಮ ಹಳೆಯ ಕುಸ್ತಿಯನ್ನು, ಅಮೆರಿಕದ ಟಿ.ವಿ. ಕುಸ್ತಿಯ ಅಂಡರ್‌ಟೇಕರ್ ಮತ್ತು ಮ್ಯಾನ್‌ಕೈಂಡ್ ರಿಂಗನ್ನು ಮುಚ್ಚಿದ ತಂತಿಜಾಲದ ಪಂಜರದ ಮೇಲೆ ಹೊಡೆದಾಡಿದ್ದನ್ನು, ಮೊದಲಿನಿಂದ ಕೊನೆಯವರೆಗೆ ಹಾಕಿಕೊಂಡು ನೋಡಿದೆ. ಮರುದಿನ ಇನ್ನೊಮ್ಮೆ ನೋಡಿದೆ. ನಿಮಗೆ ಅದು ಮರೆತಿರಲಾರದು. ತಮ್ಮನು ಕಾರ್ಡುಗಳ ಆಟದಲ್ಲಿ ಅಂಡರ್‌ಟೇಕರನ ಕಾರ್ಡನ್ನು ಯಾರಿಗೂ ಬಿಟ್ಟುಕೊಡದೆ ಗಣಿತದ ಪುಸ್ತಕದಲ್ಲಿ ಅಡಗಿಸಿಡುತ್ತಿದ್ದ ಕಾಲ ಅದು. ಬಾಡಿಗೆ ಅಂಗಡಿಯಿಂದ ತಂದ ಸಿ.ಡಿ.ಯನ್ನು ನಾನೂ ಅವನೂ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದರೆ ನೀವು ಹಿಂದಿನ ಕುರ್ಚಿಯಲ್ಲಿ ಕುಳಿತು, ಇದು ಕುಸ್ತಿಯೇ ಅಲ್ಲ, ಗೆಲ್ಲುವವನು ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಡುವ ಆಟ, ಮಣ್ಣಿನ ಅಖಾಡದಲ್ಲಿ ಎದುರಾಳಿಯ ಎರಡೂ ಭುಜಗಳನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದರ ಮುಂದೆ ಇದೆಲ್ಲ ಏನು ಎನ್ನುತ್ತಿದ್ದಿರಿ. ಮ್ಯಾನ್‌ಕೈಂಡ್ ಪಂಜರದ ಮೇಲಿಂದ ಬೀಳುವ ದೃಶ್ಯ ಬಂದಾಗ ಮಾತ್ರ ನೀವು ಎದ್ದು ನಿಂತಿರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೆಲುವು ನಾಟಕ ಇರಬಹುದು, ಬಿದ್ದದ್ದು ನಾಟಕವಲ್ಲ" ಎಂದಿರಿ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಮೇಲೆ ಆ ಮಾತು ಎಷ್ಟು ಸರಿಯೆಂದು ನನಗೆ ಪೂರ್ತಿ ತಿಳಿದಿದೆ.

ಆ ಕುಸ್ತಿ ನಡೆದದ್ದು ನಾನಿರುವ ಈ ಊರಿನಲ್ಲಿಯೇ ಎಂದು ಹಿಂದೊಮ್ಮೆ ಬರೆದಿದ್ದೆ. 1998ರ ಜೂನ್ 28, ಭಾನುವಾರ ರಾತ್ರಿ, ಪಿಟ್ಸ್‌ಬರ್ಗ್‌ನ ಸಿವಿಕ್ ಅರೀನಾದಲ್ಲಿ, ಸುಮಾರು 17 ಸಾವಿರ ಜನರ ಮುಂದೆ. ಆ ಕಟ್ಟಡ ಈಗಿಲ್ಲ. 1961ರಲ್ಲಿ ತೆರೆದಾಗ ಅದರ ಉಕ್ಕಿನ ಗುಮ್ಮಟ ಇಡೀ ಜಗತ್ತಿಗೆ ಸೋಜಿಗವಾಗಿತ್ತಂತೆ, ಬೇಕೆಂದಾಗ ಛಾವಣಿ ಹೋಳುಹೋಳಾಗಿ ಒಂದರ ಕೆಳಗೊಂದು ಸರಿದು ಒಳಗೆ ಕುಳಿತವರಿಗೆ ಆಕಾಶ ಕಾಣುತ್ತಿತ್ತು. ಅದನ್ನು ಕಟ್ಟುವುದಕ್ಕಾಗಿ ಹಿಲ್ ಡಿಸ್ಟ್ರಿಕ್ಟ್ ಎಂಬ ಕೇರಿಯಿಂದ ಸುಮಾರು 8 ಸಾವಿರ ಜನರನ್ನು ಒಕ್ಕಲೆಬ್ಬಿಸಿದ್ದರು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಆ ನೋವನ್ನು ಇಲ್ಲಿಯ ಹಿರಿಯರು ಇಂದಿಗೂ ಮರೆತಿಲ್ಲ. 2011-12ರಲ್ಲಿ ಕಟ್ಟಡವನ್ನು ಕೆಡವಿ ಹಾಕಿದರು. ಅತ್ತ ಹೋದಾಗಲೆಲ್ಲ ನಾನು ಬಸ್ಸಿನ ಕಿಟಕಿಯಿಂದ ಆ ಜಾಗವನ್ನು ನೋಡದೆ ಇರುವುದಿಲ್ಲ. ನಮ್ಮ ಮೈಸೂರಿನ ಒಂದು ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ನೋಡಿದ ಊರಿಗೇ ಅನ್ನ ಹುಡುಕಿಕೊಂಡು ಬರುವೆನೆಂದು ಆಗ ಯಾರಿಗೆ ತಿಳಿದಿತ್ತು.

ಈ ಊರಿನ ಬಗ್ಗೆ ನೀವು ಕೇಳುವುದಕ್ಕೆಲ್ಲ ಉತ್ತರ ಬರೆಯಲು ಇದು ಸಮಯವಲ್ಲವಾದರೂ ಒಂದನ್ನು ಹೇಳಲೇಬೇಕು. ಚಳಿಗಾಲದಲ್ಲಿ ಹಿಮ ಬಿದ್ದಾಗ ಇಲ್ಲಿಯವರು ಮನೆಯ ಮುಂದೆ ಕಾರು ನಿಲ್ಲಿಸುವಷ್ಟು ಜಾಗವನ್ನು ಸಲಿಕೆಯಿಂದ ತೆಗೆದು ಚೊಕ್ಕಟ ಮಾಡಿ, ಕಾರು ತೆಗೆದುಕೊಂಡು ಹೊರಗೆ ಹೋಗುವಾಗ ಆ ಜಾಗದ ನಡುವೆ ಒಂದು ಮಡಚುವ ಕುರ್ಚಿಯನ್ನು ಇಟ್ಟು ಹೋಗುತ್ತಾರೆ. ಸಂಜೆ ಬರುವವರೆಗೂ ಆ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ. ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ, ಆದರೂ ಒಬ್ಬರ ದುಡಿಮೆಗೆ ಇನ್ನೊಬ್ಬರು ಕೊಡುವ ಈ ಮರ್ಯಾದೆಯನ್ನು ಕಂಡು ನನಗೆ ಈ ಊರಿನ ಮೇಲೆ ಅಭಿಮಾನ ಹುಟ್ಟಿದೆ. ಉಕ್ಕಿನ ಕಾರ್ಖಾನೆಗಳಲ್ಲಿ ಬೆವರು ಸುರಿಸಿದವರ ಊರು ಇದು, ಮೈಮುರಿದು ದುಡಿಯುವವನನ್ನು ಇಲ್ಲಿ ಬೇಗ ಗುರುತಿಸುತ್ತಾರೆ. ಅಂಥದೇ ಮಡಚುವ ಕುರ್ಚಿಯೊಂದನ್ನು ಆ ರಾತ್ರಿ ಮ್ಯಾನ್‌ಕೈಂಡ್ ಪಂಜರದ ಛಾವಣಿಯ ಮೇಲಕ್ಕೆ ಎಸೆದು, ಅದರ ಹಿಂದೆ ತಾನೂ ಹತ್ತಿದ್ದ.

ಮ್ಯಾನ್‌ಕೈಂಡ್‌ನ ಮುಖವಾಡದ ಹಿಂದಿದ್ದವನ ಹೆಸರು ಮಿಕ್ ಫೋಲಿ. ಆಗ ಅವನಿಗೆ 33 ವರ್ಷ. ಹೊಡೆಸಿಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. 1994ರಲ್ಲಿ ಮ್ಯೂನಿಕ್‌ನಲ್ಲಿ ರಿಂಗಿನ ಹಗ್ಗಕ್ಕೆ ತಲೆ ಸಿಕ್ಕಿ ಬಲಗಿವಿಯ ಬಹುಭಾಗವನ್ನೇ ಕಳೆದುಕೊಂಡವನು. ಜಪಾನಿನಲ್ಲಿ ಮುಳ್ಳುತಂತಿ ಮತ್ತು ಸಿಡಿಮದ್ದುಗಳ ನಡುವೆ ಕಾದಾಡಿದವನು. ಇಂಥ ಪಂಜರದ ಮೊದಲ ಕುಸ್ತಿ 1997ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅಂಡರ್‌ಟೇಕರ್ ಮತ್ತು ಶಾನ್ ಮೈಕಲ್ಸ್ ನಡುವೆ ನಡೆದು ಬಹಳ ಹೆಸರಾಗಿತ್ತು. ಅದನ್ನು ಮೀರಿಸುವುದು ಹೇಗೆಂದು ಫೋಲಿ ತನ್ನ ಹಿರಿಯ ಗೆಳೆಯ ಟೆರ್ರಿ ಫಂಕ್ ಜೊತೆ ಕುಳಿತು ಯೋಚಿಸಿದಾಗ, ಕುಸ್ತಿಯನ್ನು ಪಂಜರದ ಛಾವಣಿಯಿಂದಲೇ ಶುರು ಮಾಡುವ ಯೋಚನೆ ಹುಟ್ಟಿತು. ಅಂಡರ್‌ಟೇಕರನಿಗೆ ಇದರಲ್ಲಿ ಮನಸ್ಸಿರಲಿಲ್ಲ. ಅವನದೇ ಪಾದದ ಬಳಿ ಮೂಳೆ ಮುರಿದಿತ್ತು, ಆ ಕಾಲಿನಲ್ಲಿಯೇ ಅವನು 16 ಅಡಿ ಎತ್ತರದ ತಂತಿಜಾಲವನ್ನು ಹತ್ತಿದ. ಅಂದು ಟಿ.ವಿ.ಯ ಮುಂದೆ ಕುಳಿತಿದ್ದ ನಮಗೆ ಇದಾವುದೂ ಗೊತ್ತಿರಲಿಲ್ಲ. ಈಗ ನೋಡುವಾಗ ಅವನು ಹತ್ತುವ ಪ್ರತಿಯೊಂದು ಹೆಜ್ಜೆಯಲ್ಲಿಯೂ ನನಗೆ ಆ ಮೂಳೆಯೇ ಕಾಣುತ್ತದೆ.

ಛಾವಣಿಯ ಮೇಲೆ ಇಬ್ಬರೂ ಎದುರಾಗುತ್ತಾರೆ. ಕಾಲಿಟ್ಟಲ್ಲೆಲ್ಲ ಜಾಲ ಕೆಳಕ್ಕೆ ಜಗ್ಗುತ್ತದೆ, ಅದನ್ನು ಬಿಗಿದ ಕಟ್ಟುಗಳು ಒಂದೊಂದಾಗಿ ಪಟಪಟನೆ ಬಿಡುತ್ತವೆ. ಅಂಚಿಗೆ ಬಂದಾಗ ಅಂಡರ್‌ಟೇಕರ್ ಅವನನ್ನು ಹಿಡಿದು ಹೊರಕ್ಕೆ ಎಸೆದುಬಿಡುತ್ತಾನೆ. ಕೆಳಗೆ ಸ್ಪ್ಯಾನಿಷ್ ಭಾಷೆಯ ವೀಕ್ಷಕ ವಿವರಣೆಗಾರರ ಮೇಜು. ಮೇಜು ಪುಡಿಯಾಗುತ್ತದೆ, ಫೋಲಿ ಅದರ ಚೂರುಗಳ ನಡುವೆ ಕಾಣಿಸದೆ ಹೋಗುತ್ತಾನೆ. ಇಂಗ್ಲಿಷ್ ವೀಕ್ಷಕ ವಿವರಣೆಗಾರ ಜಿಮ್ ರಾಸ್‌ನ ಕೂಗು ನಿಮಗೆ ನೆನಪಿರಬೇಕು, ಅವನನ್ನು ಕೊಂದೇಬಿಟ್ಟರು, ದೇವರ ಸಾಕ್ಷಿಯಾಗಿ ಅವನು ಎರಡು ತುಂಡಾಗಿದ್ದಾನೆ ಎಂದು ಅರಚಿದ್ದು. ಇಂಗ್ಲಿಷ್ ಅಷ್ಟಾಗಿ ಬಾರದ ತಮ್ಮ ಆ ಕೂಗನ್ನು ಹಾಗೆಯೇ ಬಾಯಿಪಾಠ ಮಾಡಿಕೊಂಡು ಬೀದಿಯಲ್ಲೆಲ್ಲ ಕೂಗುತ್ತಿದ್ದ. ಈ ಬೀಳುವಿಕೆ ಮೊದಲೇ ಯೋಚಿಸಿದ್ದು. ಮೈಯನ್ನು ಹೇಗೆ ತಿರುಗಿಸಬೇಕು, ಎಲ್ಲಿ ಬೀಳಬೇಕು ಎಂದು ಫೋಲಿಗೆ ಗೊತ್ತಿತ್ತು. ಗರಡಿಯಲ್ಲಿ ನೀವು ಹುಡುಗರಿಗೆ ಹೇಳಿಕೊಡುತ್ತಿದ್ದುದು ಇದನ್ನೇ ಅಲ್ಲವೇ, ಗದ್ದವನ್ನು ಎದೆಗೆ ಒತ್ತಿಕೊ, ತಲೆ ನೆಲಕ್ಕೆ ತಾಗಬಾರದು, ಬೆನ್ನು ಅಗಲವಾಗಿ ಬೀಳಲಿ, ಅಂಗೈಯಿಂದ ಮಣ್ಣನ್ನು ಬಡಿ ಎಂದು. ಇಲ್ಲಿಯ ಕುಸ್ತಿಯವರ ಮೊದಲ ಪಾಠವೂ ಅಕ್ಷರಶಃ ಅದೇ. ಅಷ್ಟು ತಿಳಿದು, ಅಷ್ಟು ಸಿದ್ಧನಾಗಿ ಬಿದ್ದವನಿಗೂ ಭುಜದ ಕೀಲು ತಪ್ಪಿತು.

ಸ್ಟ್ರೆಚರ್ ತಂದು ಅವನನ್ನು ಹೊರಗೆ ಸಾಗಿಸುತ್ತಿರುವಾಗ ಅವನು ಎದ್ದು ಕುಳಿತು, ಜನರನ್ನು ತಳ್ಳಿ, ಮತ್ತೆ ಪಂಜರದ ಕಡೆಗೆ ನಡೆದ. ಸಭಾಂಗಣ ಹುಚ್ಚೆದ್ದಿತು. ನಾವಿಬ್ಬರೂ ಚಾಪೆಯಿಂದ ಹಾರಿ ಚಪ್ಪಾಳೆ ತಟ್ಟಿದ್ದೆವು. ನೀವು ತಟ್ಟಲಿಲ್ಲ. ನಮ್ಮ ವಾರ್ಡಿನಲ್ಲಿ ನಿವೃತ್ತಿಗೆ ಹತ್ತಿರವಿರುವ ದಾದಿಯೊಬ್ಬರು ಆ ರಾತ್ರಿ ತಮ್ಮ ಅಣ್ಣನ ಜೊತೆ ಅಲ್ಲಿದ್ದರಂತೆ. ಅವರನ್ನು ಕೇಳಿದಾಗ, ಅವನು ಎದ್ದಾಗ ನಾವೆಲ್ಲ ಕೂಗಿದೆವು, ಈಗಿನ ನನ್ನ ತಿಳಿವಳಿಕೆ ಅಂದು ಇದ್ದಿದ್ದರೆ ಮಲಗು ಮಲಗು ಎಂದು ಕೂಗುತ್ತಿದ್ದೆ ಎಂದರು.

ಎರಡನೆಯ ಬಾರಿ ಬಿದ್ದದ್ದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ತಪ್ಪಿದ ಭುಜದಲ್ಲಿಯೇ ಅವನು ಮತ್ತೆ ಮೇಲೇರಿದ. ಅಂಡರ್‌ಟೇಕರ್ ಕುತ್ತಿಗೆ ಹಿಡಿದು ಎತ್ತಿ ಛಾವಣಿಯ ಮೇಲೆ ಕುಕ್ಕಿದಾಗ ಜಾಲದ ಆ ಭಾಗ ಪೂರ್ತಿ ಕಿತ್ತುಕೊಂಡು, ಫೋಲಿ ನೇರವಾಗಿ ರಿಂಗಿನ ಮೇಲೆ ಬಿದ್ದ. ರಿಂಗಿನ ಬಟ್ಟೆಯ ಕೆಳಗೆ ಹಲಗೆ, ಅದರ ಕೆಳಗೆ ಉಕ್ಕಿನ ತೊಲೆಗಳು. ಮೇಲಿದ್ದ ಕುರ್ಚಿಯೂ ಅವನ ಜೊತೆಗೆ ಬಿದ್ದು ಮುಖಕ್ಕೆ ಬಡಿಯಿತು. ಅಂಡರ್‌ಟೇಕರ್ ಆ ರಂಧ್ರದಿಂದ ಕೆಳಗೆ ಇಣುಕುವ ಒಂದು ಕ್ಷಣವಿದೆ, ಅಪ್ಪ. ಅವನು ಸತ್ತೇಹೋದನೆಂದು ತಾನು ಭಾವಿಸಿದ್ದಾಗಿ ಆಮೇಲೆ ಅವನೇ ಹೇಳಿದ್ದಾನೆ. ಟೆರ್ರಿ ಫಂಕ್ ಓಡಿಬಂದು ಅಂಡರ್‌ಟೇಕರನ ಕೈಯಲ್ಲಿ ತಾನು ಹೊಡೆತ ತಿಂದು, ಕೆಳಗೆ ಬಿದ್ದವನಿಗೆ ಉಸಿರಾಡಲು ಒಂದಿಷ್ಟು ಹೊತ್ತು ದೊರಕಿಸಿಕೊಟ್ಟ. ಆಗ ಫಂಕ್‌ಗೆ 50 ದಾಟಿತ್ತು. 2023ರಲ್ಲಿ ಅವನು ತೀರಿಕೊಂಡ ಸುದ್ದಿ ಓದಿದಾಗ ನನಗೆ ಅವನ ಗೆದ್ದ ಪಟ್ಟಗಳು ಯಾವುವೂ ನೆನಪಾಗಲಿಲ್ಲ, ಗೆಳೆಯನಿಗಾಗಿ ಅಡ್ಡ ನಿಂತ ಆ ಘಳಿಗೆ ನೆನಪಾಯಿತು.

ಫೋಲಿ ಮತ್ತೆ ಎದ್ದ. ಹಲ್ಲು ಮುರಿದು ಅದರ ಚೂರು ಮೂಗಿನೊಳಗೆ ಸಿಕ್ಕಿತ್ತು, ಕೆಳದುಟಿಯ ಕೆಳಗೆ ತೂತು ಬಿದ್ದಿತ್ತು. ಕ್ಯಾಮೆರಾ ಹತ್ತಿರ ಹೋದಾಗ ಅವನು ನಗುತ್ತಿರುವಂತೆ ಕಾಣುತ್ತದೆ. ಆ ವಯಸ್ಸಿನಲ್ಲಿ ನಾವು ಅದನ್ನು ಗಂಡೆದೆ ಎಂದುಕೊಂಡಿದ್ದೆವು. ಈಗ ಅದೇ ಮುಖವನ್ನು ನಿಲ್ಲಿಸಿ ನೋಡಿದೆ. ತಲೆಗೆ ಪೆಟ್ಟು ಬಿದ್ದು ನಮ್ಮಲ್ಲಿಗೆ ಬರುವವರ ಮುಖ ಅದು, ತಾನೆಲ್ಲಿದ್ದೇನೆಂದು ಪೂರ್ತಿ ತಿಳಿಯದವನ ಮುಖ. ಆ ಮೇಲೆ ಅವನು ಚೀಲದಲ್ಲಿದ್ದ ಗುಂಡುಪಿನ್ನುಗಳನ್ನು ರಿಂಗಿನ ತುಂಬ ಸುರಿದ, ಕೊನೆಗೆ ಅವುಗಳ ಮೇಲೆ ತಾನೇ ಬೀಳಬೇಕಾಯಿತು, ಅಂಡರ್‌ಟೇಕರ್ ಅವನನ್ನು ತಲೆಕೆಳಗಾಗಿ ಹಿಡಿದು ಕುಕ್ಕಿ ಗೆದ್ದ. ಎರಡನೆಯ ಸ್ಟ್ರೆಚರನ್ನು ನಿರಾಕರಿಸಿ ಫೋಲಿ ನಡೆದುಕೊಂಡೇ ಒಳಗೆ ಹೋದ. ಅಷ್ಟಕ್ಕೇ ನಿಲ್ಲದೆ, ಅದೇ ರಾತ್ರಿಯ ಕೊನೆಯ ಕುಸ್ತಿಯಲ್ಲಿ, ಸ್ಟೋನ್ ಕೋಲ್ಡ್ ಮತ್ತು ಕೇನ್ ಎಂಬ ಇನ್ನಿಬ್ಬರು ಕುಸ್ತಿಪಟುಗಳು ಹೊಡೆದಾಡುವಾಗ, ಮತ್ತೊಮ್ಮೆ ಹೊರಗೆ ಬಂದ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಒಳಗೆ ಹೋದ ಮೇಲೆ ಫೋಲಿ ಅಂಡರ್‌ಟೇಕರನನ್ನು, ನಾನು ಪಿನ್ನುಗಳನ್ನು ಬಳಸಿದೆನೇ ಎಂದು ಕೇಳಿದನಂತೆ. ನಿನ್ನ ತೋಳು ನೋಡಿಕೊ ಎಂದು ಅವನು ಹೇಳಿದನಂತೆ. ತೋಳಿನ ತುಂಬ ಪಿನ್ನುಗಳು ನೆಟ್ಟಿದ್ದವು, ನೆನಪು ಮಾತ್ರ ಇರಲಿಲ್ಲ. ಇಂದಿಗೂ ಆ ಕುಸ್ತಿಯ ಬಹುಭಾಗ ಅವನಿಗೆ ನೆನಪಿನಿಂದ ಬಂದದ್ದಲ್ಲ, ವಿಡಿಯೊ ನೋಡಿ ತಿಳಿದದ್ದು. ಬಿದ್ದ, ಎದ್ದ, ನಡೆದ, ಎರಡು ಬಾರಿ ನಡೆದ, ಮತ್ತೊಂದು ಕುಸ್ತಿಗೂ ಹೋದ. ಆದರೂ ಒಳಗೆ ಮೆದುಳಿಗೆ ಪೆಟ್ಟಾಗಿತ್ತು, ದವಡೆಯ ಕೀಲು ಸರಿದಿತ್ತು, ಮೂತ್ರಪಿಂಡಕ್ಕೆ ಏಟಾಗಿತ್ತು. ನಡೆದು ಹೋಗುತ್ತಿದ್ದ ಮನುಷ್ಯನನ್ನು ಹೊರಗಿನಿಂದ ನೋಡಿ 17 ಸಾವಿರ ಜನರಿಗೆ ಇವುಗಳಲ್ಲಿ ಒಂದೂ ತಿಳಿಯಲಿಲ್ಲ. ಹೀಗಿರುವಾಗ ಅಂಗಳದಲ್ಲಿ ನಡೆದಾಡುವ ನಿಮ್ಮನ್ನು ನೋಡಿ ಅಮ್ಮನಿಗಾಗಲಿ, ಬೀದಿಯ ಕೊನೆಯ ಕ್ಲಿನಿಕ್‌ನ ಡಾಕ್ಟರಿಗಾಗಲಿ ತಲೆಯೊಳಗಿನದು ಹೇಗೆ ತಿಳಿಯಬೇಕು?

ನಿಮ್ಮ ವಯಸ್ಸಿನಲ್ಲಿ ಇದು ಇನ್ನೂ ಮೋಸದ್ದು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಅದಕ್ಕೂ ಅದರ ಹೊದಿಕೆಗೂ ನಡುವೆ ಜಾಗ ಹೆಚ್ಚುತ್ತದೆ, ಆ ಜಾಗವನ್ನು ದಾಟಿ ಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದಂತೆ ಬಿಗಿಯಾಗಿರುತ್ತವೆ. ತಲೆಗೆ ಪೆಟ್ಟು ಬಿದ್ದಾಗ ಅವುಗಳಲ್ಲಿ ಒಂದು ಹರಿದರೂ ರಕ್ತ ಒಮ್ಮೆಗೇ ನುಗ್ಗುವುದಿಲ್ಲ, ನಿಧಾನವಾಗಿ ಜಿನುಗುತ್ತದೆ. ಬಿದ್ದ ದಿನ ಏನೂ ಕಾಣುವುದಿಲ್ಲ. ವಾರಗಳು ಕಳೆದ ಮೇಲೆ, ಮನೆಯವರೆಲ್ಲ ಬಿದ್ದದ್ದನ್ನೇ ಮರೆತಿರುವಾಗ, ತಲೆನೋವು, ಮಂಪರು, ಮಾತಿನಲ್ಲಿ ಅಥವಾ ಲೆಕ್ಕದಲ್ಲಿ ತಡವರಿಕೆ, ದೇಹದ ಒಂದು ಪಕ್ಕದ ಕೈಯಲ್ಲೋ ಕಾಲಿನಲ್ಲೋ ಬಲಹೀನತೆ ಶುರುವಾಗುತ್ತವೆ. ಸ್ಟೆಂಟ್ ಹಾಕಿದಂದಿನಿಂದ ನೀವು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಅದರಿಂದ ಹೀಗಾಗುವ ಸಾಧ್ಯತೆ ಇನ್ನಷ್ಟು ಹೆಚ್ಚು. ಅಮ್ಮ ಬರೆದ ಆ ಚಪ್ಪಲಿಯ ಸಾಲನ್ನು ಓದಿ ನನಗೆ ಏಕೆ ಎದೆ ನಡುಗಿತೆಂದು ಈಗ ನಿಮಗೆ ತಿಳಿದಿರಬಹುದು.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹಾಗೆ ಆಗಿಯೇ ಇದೆಯೆಂದೂ ನಾನು ಹೇಳುತ್ತಿಲ್ಲ, ಇಲ್ಲಿ ಕುಳಿತು ಹೇಳಲು ಯಾರಿಂದಲೂ ಆಗದು. ಅದಕ್ಕಾಗಿಯೇ ಸ್ಕ್ಯಾನ್. ಸಿ.ಟಿ. ಸ್ಕ್ಯಾನ್ ಎಂದರೆ ಸೂಜಿಯಿಲ್ಲ, ಕತ್ತರಿಯಿಲ್ಲ, ಹಲಗೆಯ ಮೇಲೆ ಅಲುಗಾಡದೆ ಕೆಲವು ನಿಮಿಷ ಮಲಗಿದ್ದರೆ ಮುಗಿಯಿತು. ಏನೂ ಇಲ್ಲವೆಂದು ಬಂದರೆ ಅಂದಿನ ಸಂಜೆಯೇ ನೀವು ಗರಡಿಯ ಕಟ್ಟೆಯ ಮೇಲೆ ಕುಳಿತು, ಮಗಳು ಸುಮ್ಮನೆ ಗಾಬರಿಯಾದಳು ಎಂದು ಎಲ್ಲರಿಗೂ ಹೇಳಿ, ನನಗೆ ಅದಕ್ಕಿಂತ ಸಂತೋಷ ಬೇರೆಯಿಲ್ಲ. ಇದೆಯೆಂದು ಬಂದರೂ ಕೈಮೀರಿದ್ದೇನಲ್ಲ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಆ ರಕ್ತವನ್ನು ಹೊರಗೆ ಹರಿಸುತ್ತಾರೆ. ನಿಮಗಿಂತ ಹಿರಿಯರು, 80 ದಾಟಿದವರು, ಹೀಗೆ ಚಿಕಿತ್ಸೆ ಪಡೆದು ಕೆಲವೇ ದಿನಗಳಲ್ಲಿ ಕೋಲು ಹಿಡಿದು ಮನೆಗೆ ನಡೆದು ಹೋದದ್ದನ್ನು ನಮ್ಮ ವಾರ್ಡಿನಲ್ಲಿ ಎಷ್ಟೋ ಬಾರಿ ನನ್ನ ಕಣ್ಣಾರೆ ನೋಡಿದ್ದೇನೆ. ತಡವಾಗಿ ಬಂದವರನ್ನೂ ನೋಡಿದ್ದೇನೆ, ಅವರ ವಿಷಯ ಬರೆಯುವುದಿಲ್ಲ.

ಪೈಲ್ವಾನನಾದವನು ನೋವನ್ನು ಬಾಯಿಬಿಟ್ಟು ಹೇಳಬಾರದೆಂದು ನೀವು ನಂಬಿರುವುದು ನನಗೆ ಗೊತ್ತಿದೆ. ದಸರಾ ಕುಸ್ತಿಯಲ್ಲಿ ಬೆರಳು ಮುರಿದುಕೊಂಡು, ಪಟ್ಟಿ ಕಟ್ಟಿಸಿಕೊಳ್ಳದೆ ಮರುದಿನ ಕೆಲಸಕ್ಕೆ ಹೋದದ್ದನ್ನು ನೀವು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಿರಿ. ಆ ಹೆಮ್ಮೆ ನಮಗೂ ಇದೆ, ನಾನು ನಿಮ್ಮ ಮಗಳು. ಆದರೆ ಗರಡಿಮನೆಯ ಮಣ್ಣನ್ನು ನೆನೆಸಿಕೊಳ್ಳಿ. ಆಂಜನೇಯನ ಪಟಕ್ಕೆ ಕೈಮುಗಿದು ಒಳಗೆ ಬಂದ ಹುಡುಗರು ಮೊದಲು ಗುದ್ದಲಿಯಿಂದ ಮಟ್ಟಿಯನ್ನು ಅಗೆಯಬೇಕು, ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣನ್ನು ಅಂಗೈಯಲ್ಲಿ ಉಜ್ಜಿ ಗಂಟು ಉಳಿದಿಲ್ಲವೆಂದು ನಿಮಗೆ ತೋರಿಸಬೇಕು, ಹದವಾಗಿಲ್ಲದಿದ್ದರೆ ಅಂದು ಯಾರೂ ಅಖಾಡಕ್ಕೆ ಇಳಿಯುವಂತಿರಲಿಲ್ಲ. ಹುಡುಗರ ಮೈಗೆ ಪೆಟ್ಟಾಗಬಾರದೆಂದು ಅಷ್ಟು ಕಾಳಜಿ ಮಾಡುತ್ತಿದ್ದವರು ಒರಳುಕಲ್ಲಿಗೆ ತಗುಲಿದ ತಮ್ಮ ತಲೆಯ ಬಗ್ಗೆ ಅದರಲ್ಲಿ ಕಾಲುಭಾಗ ಕಾಳಜಿ ಮಾಡಬಾರದೇ?

ಆ ಕುಸ್ತಿಯ ಲೋಕದವರೇ ಬದಲಾಗಿದ್ದಾರೆ. ಅಂದು ರಾತ್ರಿಯೇ ಆ ಕುಸ್ತಿ ನಡೆಸಿದ ಸಂಸ್ಥೆಯ ಆಗಿನ ಒಡೆಯ ವಿನ್ಸ್ ಮೆಕ್‌ಮಹಾನ್ ಫೋಲಿಗೆ ಕೃತಜ್ಞತೆ ಹೇಳಿ, ಇನ್ನೆಂದೂ ಇಂಥದ್ದನ್ನು ಮಾಡುವುದಿಲ್ಲವೆಂದು ಮಾತು ತೆಗೆದುಕೊಂಡನಂತೆ. ಮನೆಗೆ ಫೋನ್ ಮಾಡಿದಾಗ ಹೆಂಡತಿ ಅಳುತ್ತಿದ್ದದ್ದನ್ನು ಕೇಳಿ ಕುಸ್ತಿಯನ್ನೇ ಬಿಡಬೇಕೆಂಬ ಯೋಚನೆ ಬಂತೆಂದು ಫೋಲಿ ಹೇಳಿಕೊಂಡಿದ್ದಾನೆ. 2010ರಲ್ಲಿ ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಸಂಸ್ಥೆ ನಿಷೇಧಿಸಿತು. 2012ರಲ್ಲಿ ಫೋಲಿ ಮತ್ತೊಮ್ಮೆ ರಿಂಗಿಗೆ ಇಳಿಯಲು ಹೊರಟಾಗ, ತಲೆಗೆ ಬಿದ್ದ ಹಳೆಯ ಪೆಟ್ಟುಗಳ ಕಾರಣದಿಂದ ಡಾಕ್ಟರುಗಳು ಒಪ್ಪಿಗೆ ಕೊಡಲಿಲ್ಲ. ಅವನು ಆ ಮಾತನ್ನು ಕೇಳಿ ಮನೆಯಲ್ಲಿ ಉಳಿದ, ಇಂದಿಗೂ ಬದುಕಿದ್ದಾನೆ, ಊರೂರಿಗೆ ಹೋಗಿ ಜನರ ಮುಂದೆ ಆ ರಾತ್ರಿಯ ಕಥೆ ಹೇಳುತ್ತಾನೆ. ಡಾಕ್ಟರ ಮಾತು ಕೇಳಿದ್ದರಿಂದ ಅವನ ಗಂಡಸುತನಕ್ಕೆ ಯಾರೂ ಕುಂದು ಎಣಿಸಿಲ್ಲ.

ದುಡ್ಡಿನ ವಿಷಯ ನೀವು ಎತ್ತುವುದೇ ಬೇಡ. ತಮ್ಮನ ಖಾತೆಗೆ ಕಳುಹಿಸಿದ್ದೇನೆ, ಸ್ಕ್ಯಾನಿಗೆ, ಓಡಾಟಕ್ಕೆ, ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬರುವುದಕ್ಕೂ ಸಾಕಾಗುತ್ತದೆ, ಸಾಲದಿದ್ದರೆ ಇನ್ನೂ ಕಳುಹಿಸುತ್ತೇನೆ. ಇದಕ್ಕಾಗಿ ನಾನು ಯಾರ ಹತ್ತಿರವೂ ಸಾಲ ಮಾಡಿಲ್ಲ. ನನ್ನ ಕೆಲಸ ಭದ್ರವಾಗಿದೆ, ಊಟ ನಿದ್ದೆಗಳಿಗೆ ಯಾವ ತೊಂದರೆಯೂ ಇಲ್ಲ, ದಿನವೂ ಅನ್ನ ಸಾರು ಮಾಡಿಕೊಂಡು ಉಣ್ಣುತ್ತೇನೆ, ಚಳಿಗೆ ದಪ್ಪನೆಯ ಕೋಟಿದೆ, ರಾತ್ರಿಪಾಳಿಯಲ್ಲಿ ಒಬ್ಬಳೇ ಓಡಾಡುವುದಿಲ್ಲ, ಜೊತೆಗೆ ಇಬ್ಬರು ಮಲಯಾಳಿ ದಾದಿಯರು ಇರುತ್ತಾರೆ. ರಜೆಯ ದಿನ ಪೆನ್ ಹಿಲ್ಸ್‌ನಲ್ಲಿರುವ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ನಿಮ್ಮ ಹೆಸರಿನಲ್ಲಿ ಅರ್ಚನೆ ಮಾಡಿಸಿ ಬಂದೆ. 1970ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿದ ಬಿಳಿ ಗೋಪುರದ ಆ ಗುಡಿ ಈ ದೇಶದ ಹಳೆಯ ದೇವಸ್ಥಾನಗಳಲ್ಲಿ ಒಂದು, ಅಲ್ಲಿಯ ಪುಳಿಯೋಗರೆಯನ್ನು ನೀವು ತಿಂದರೆ ಮೇಲುಕೋಟೆಯದಕ್ಕೆ ಹೋಲಿಸದೆ ಇರಲಾರಿರಿ. ಅಮ್ಮ ಕಾಗದದ ಅಂಚಿನಲ್ಲಿ ಹಾಸನದ ಸಂಬಂಧದ ವಿಷಯ ಕೇಳಿದ್ದಾಳೆ. ಅದನ್ನು ಆಮೇಲೆ ಮಾತಾಡೋಣ, ಮೊದಲು ನಿಮ್ಮದು ಆಗಲಿ.

ಅಮ್ಮ, ಈ ಭಾಗ ನಿನಗೆ. ಅಪ್ಪ ಮಂಪರಿನಲ್ಲಿದ್ದು ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ವಾಂತಿಯಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಬೆಳಗಾಗಲೆಂದು ಕಾಯಬೇಡ, ಅಪ್ಪನ ಒಪ್ಪಿಗೆಯನ್ನೂ ಕೇಳಬೇಡ, 108ಕ್ಕೆ ಫೋನ್ ಮಾಡು. ರಕ್ತದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು, ಅದನ್ನು ಡಾಕ್ಟರೇ ಹೇಳಬೇಕು, ಆದರೆ ಯಾವ ಮಾತ್ರೆಯೆಂದು ಚೀಟಿ ಸಮೇತ ಜೊತೆಗೆ ತೆಗೆದುಕೊಂಡು ಹೋಗು. ನೀನು ಗಮನಿಸಿ ಬರೆದದ್ದು ಎಷ್ಟು ದೊಡ್ಡ ಕೆಲಸವೆಂದು ನಿನಗೆ ಗೊತ್ತಿಲ್ಲ. ನಿನ್ನ ಕಣ್ಣಿಗೆ ಬಿದ್ದದ್ದು ನನ್ನ ಜೊತೆ ಕೆಲಸ ಮಾಡುವವರಲ್ಲಿಯೂ ಎಲ್ಲರ ಕಣ್ಣಿಗೆ ಬೀಳುವಂಥದ್ದಲ್ಲ.

ತಮ್ಮಾ, ನಾಳೆ ಬೆಳಿಗ್ಗೆಯೇ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋಗು. ಕಾರಿನಲ್ಲಿಯೇ ಹೋಗು, ಸ್ಕೂಟರ್ ಬೇಡ. ಬಿದ್ದದ್ದು ಯಾವ ದಿನ, ತಲೆಯ ಯಾವ ಭಾಗಕ್ಕೆ ತಾಗಿತು, ಎಡಗಾಲಿನ ವಿಷಯ, ಮಾತ್ರೆಯ ವಿಷಯ, ಈ ನಾಲ್ಕನ್ನೂ ಡಾಕ್ಟರಿಗೆ ನೀನೇ ಹೇಳು, ಅಪ್ಪನನ್ನು ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ. ಸ್ಕ್ಯಾನಿನ ವರದಿ ಕೈಗೆ ಬಂದ ಕೂಡಲೇ ಫೋಟೊ ತೆಗೆದು ನನಗೆ ಕಳುಹಿಸು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು, ನಾನು ಎದ್ದಿರುತ್ತೇನೆ.

ಅಪ್ಪ, ವರದಿ ಸರಿಯಾಗಿ ಬಂದ ಮೇಲೆ ಮಾರ್ಚ್‌ನಲ್ಲಿ ನಾನು ರಜೆಗೆ ಬಂದಾಗ ಆ ಕುಸ್ತಿಯನ್ನು ಎಲ್ಲರೂ ಕುಳಿತು ಮತ್ತೆ ನೋಡೋಣ, ನೀವು ಎಂದಿನಂತೆ ಹಿಂದಿನ ಕುರ್ಚಿಯಲ್ಲಿ ಕುಳಿತು ಬೈಯಿರಿ. ಗೊಂಬೆಯ ಪೆಟ್ಟಿಗೆ ಈಗ ಎಲ್ಲಿದೆಯೋ ಅಲ್ಲಿಯೇ ಇರಲಿ, ಇನ್ನು ಮುಂದೆ ಏಣಿ ಹತ್ತುವ ಕೆಲಸ ತಮ್ಮನದು. ಏನೂ ಆಗುವುದಿಲ್ಲ, ಖಂಡಿತ ಏನೂ ಆಗಿರುವುದಿಲ್ಲ, ನೀವು ಧೈರ್ಯವಾಗಿರಿ, ನಾನೂ ಧೈರ್ಯವಾಗಿದ್ದೇನೆ. ಪಾಳಿಗೆ ಹೊತ್ತಾಯಿತು, ಬಸ್ಸು ಬರುವ ಸಮಯ, ಅತ್ತೆಯ ಮಂಡಿನೋವಿನ ಎಣ್ಣೆಯ ವಿಷಯ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ನಾಳೆ ತಪ್ಪದೆ ಹೋಗಿ.

ಇಂತಿ ನಿಮ್ಮ ಪ್ರೀತಿಯ ಮಗಳು